ಗುಂಡು ಹೊಡೆಯುವಾಗ ಗಜ ಎಲ್ಲಿರಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ಬಾಯಿಂದ ಮದ್ದು-ಗುಂಡು ತುಂಬಿ, ಕೇಪು ಸಿಡಿಸಿ ಹೊಡೆಯುವ ಒಂಟಿ ನಳಿಗೆಯ ಕೇಪಿನ ಕೋವಿ ಇದೆ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆಂದು ಅಭ್ಯಾಸ ನಡೆದಿದೆ. ಮದ್ದು-ಗುಂಡು ಜಡಿಯುವ ಕೋಲನ್ನು, ಅಂದರೆ ಗಜವನ್ನು, ನಳಿಗೆಯ ಕೆಳಗೆ ಸಿಕ್ಕಿಸಿಕೊಂಡೇ ಹೊಡೆದರೆ ಗುರಿ ತಪ್ಪುತ್ತದೆ, ತೆಗೆದಿಟ್ಟು ಹೊಡೆಯಬೇಕು ಎನ್ನುತ್ತಾರೆ ಒಬ್ಬರು. ಅದೆಲ್ಲ ನೆಪ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳುವುದು?
– ಓದುಗರು, ನಾಪೋಕ್ಲು

ಉತ್ತರ: ನಿಮ್ಮ ಪಂದ್ಯದ ಮಟ್ಟಿಗೆ ಎರಡನೆಯವರ ಮಾತು. ಆದರೆ ಮೊದಲನೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಗಜ ಇದ್ದಾಗ ಮತ್ತು ಇಲ್ಲದಾಗ ಗುಂಡು ಬೀಳುವ ಜಾಗ ತುಸು ಆಚೀಚೆ ಆಗಬಹುದು. ಗಜ ಬಿಗಿಯಾಗಿ ಕೂತಿದ್ದರೆ ಗುಂಡುಗಳು ಹೆಚ್ಚು ಚದುರುವುದಿಲ್ಲ, ಒಟ್ಟಾಗಿಯೇ ಸರಿಯುತ್ತವೆ. ಒಂದೇ ಕಡೆ ಸರಿದದ್ದನ್ನು ಸೈಟಿನಲ್ಲಿ (ನಳಿಗೆಯ ಮೇಲಿನ ಗುರಿ ನೋಡುವ ಕಣ್ಣಿ) ತಿದ್ದಿಕೊಳ್ಳಬಹುದು. ಚದುರಿದ್ದನ್ನು ಸೈಟು ತಿರುಗಿಸಿ ಸರಿಮಾಡಲು ಆಗದು. ತೊಂದರೆ ಕೊಡುವುದು ಸಡಿಲ ಗಜ.

ಲೆಕ್ಕ ನೋಡಿ. ಸುಮಾರು 9.5 ಮಿ.ಮೀ. ದಪ್ಪದ, 90 ಸೆಂ.ಮೀ. ಉದ್ದದ ಗಟ್ಟಿಮರದ ಗಜ ತೂಗುವುದು 50 ಗ್ರಾಂ ಆಸುಪಾಸು. ಅಷ್ಟೇ ಉದ್ದದ 6 ಮಿ.ಮೀ. ಉಕ್ಕಿನ ಸಲಾಕೆ 200 ಗ್ರಾಂ. ಕೋವಿ 4 ಕಿಲೋ ಇದ್ದರೆ ಮರದ ಗಜ ಅದರ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು, ಉಕ್ಕಿನದು ಐದು ಪಾಲು. ಅರ್ಧ ಅಂಗುಲದ ಬಾಯಿಗೆ ಹೊಂದುವ ಸೀಸದ ಗುಂಡು 11 ಗ್ರಾಂಗಿಂತ ತುಸು ಹೆಚ್ಚು. ಆ ಗುಂಡು 90 ಸೆಂ.ಮೀ. ನಳಿಗೆ ದಾಟುವಷ್ಟರಲ್ಲಿ ಕೋವಿ ಹಿಂದಕ್ಕೆ ಬರುವುದು ಸುಮಾರು 3 ಮಿ.ಮೀ. ಹೆಗಲಿಗೆ ಬಡಿಯುವ ಒದೆತದ ಬಹುಪಾಲು ಗುಂಡು ಹೊರಟ ಮೇಲಿನದು. ಹಾಗಾಗಿ ಗಜದ ತೂಕದಿಂದ ಗುರಿಗೆ ಆಗುವ ವ್ಯತ್ಯಾಸ ಅಲ್ಪ. ನಳಿಗೆಯ ಕಂಪನ ಸ್ವಲ್ಪ ಬದಲಾಗುತ್ತದೆ ನಿಜ. ಸುರುಳಿ ಗೀರಿರುವ ಒಳ್ಳೆಯ ನಳಿಗೆಯಲ್ಲಿ, ಮೇಜಿನ ಮೇಲೆ ಆನಿಸಿ, 100 ಮೀಟರಿಗೆ ಹೊಡೆಯುವವರಿಗೆ ಅದು ಕಂಡೀತು. ಒಳಮೈ ನುಣುಪಾಗಿರುವ ಹಳೆ ಕೋವಿಯಲ್ಲಿ 30 ಮೀಟರಿಗೆ ನಿಂತು ಹೊಡೆಯುವವರಿಗೆ ಅವರ ಉಸಿರಾಟವೇ ಇದಕ್ಕಿಂತ ದೊಡ್ಡ ಶತ್ರು.

ಇನ್ನು ಸಡಿಲ ಗಜದ ವಿಷಯ. ಕೋವಿ ಹಿಂದಕ್ಕೆ ಒದೆಯುವಾಗ ಸಡಿಲ ಗಜ ಅದರ ಜೊತೆ ಬರುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ಗಜ ಮುಂದಕ್ಕೆ ಜಾರಿದ ಹಾಗೆ ಕಾಣುತ್ತದೆ. ನಾಲ್ಕಾರು ಗುಂಡು ಹೊಡೆಯುವಷ್ಟರಲ್ಲಿ ತುದಿ ಕೋವಿಯ ಬಾಯಿಂದ ಆಚೆ ಬಂದಿರುತ್ತದೆ. ಆಗ ಬಾಯಿಂದ ನುಗ್ಗುವ ಬಿಸಿಗಾಳಿ ಕೆಳಬದಿಯಲ್ಲಿ ಮಾತ್ರ ಅಡ್ಡಿಗೆ ಬಡಿಯುತ್ತದೆ, ಗಜದ ತುದಿಯೂ ಸುಟ್ಟು ಕರಿಯಾಗುತ್ತದೆ. ಪ್ರತಿ ಸಲ ಗಜ ಬೇರೆ ಬೇರೆ ಜಾಗದಲ್ಲಿ ನಿಂತು ಅಲುಗಾಡುವುದರಿಂದ ಗುಂಡು ಒಂದು ಕಡೆ ಕೂರುವುದಿಲ್ಲ. ಗಜದ ತುದಿ ಬಾಯಿಯ ಮಟ್ಟಕ್ಕೆ ಸಮವಾಗಿ ಅಥವಾ 5-10 ಮಿ.ಮೀ. ಒಳಗೆ ಇರಬೇಕು. ಕೋವಿಯನ್ನು ಬಾಯಿ ಕೆಳಗೆ ಮಾಡಿ ಕುಲುಕಿದರೆ ಜಾರಬಾರದು, ಎರಡು ಬೆರಳಲ್ಲಿ ಎಳೆದರೆ ಬರಬೇಕು. ಅಷ್ಟು ಬಿಗಿ ಸಾಕು.

ಸಡಿಲವಿದ್ದರೆ ಗಜ ಹಿಡಿಯುವ ಬಳೆಯನ್ನು ಇಕ್ಕಳದಿಂದ ಒತ್ತಲು ಹೋಗಬೇಡಿ. ಬಳೆ ಓರೆಯಾಗುತ್ತದೆ, ಬೆಸುಗೆ ಬಿಡುತ್ತದೆ. ಗಜದ ಹಿಂತುದಿಯ 3-4 ಸೆಂ.ಮೀ. ಭಾಗಕ್ಕೆ ಮೇಣ ಸವರಿದ ನೂಲನ್ನು ಒಂದು ಪದರ ಬಿಗಿಯಾಗಿ ಸುತ್ತಿದರೆ ಕೆಲಸ ಆಯಿತು. 1853ರ ಎನ್‌ಫೀಲ್ಡ್ ಮಾದರಿಯಲ್ಲಿ ಇದಕ್ಕೆಂದೇ ಮರದೊಳಗೆ ಒಂದು ಚಿಮ್ಮುಪಟ್ಟಿ ಇಟ್ಟಿದ್ದರು. ಮಳೆಗಾಲದಲ್ಲಿ ನಮ್ಮಲ್ಲಿ ಉಲ್ಟಾ ತೊಂದರೆ: ಮರದ ಗಜ ನೀರೆಳೆದು ಉಬ್ಬಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಬಾಗುತ್ತದೆ. ಬಾಗಿದ ಗಜ ಎರಡು ಬಳೆಗಳ ನಡುವೆ ನಳಿಗೆಯನ್ನು ಒಂದು ಪಕ್ಕಕ್ಕೆ ಒತ್ತುತ್ತಲೇ ಇರುತ್ತದೆ. ಗಜಕ್ಕೂ ನಳಿಗೆಯ ಕೆಳಪಟ್ಟಿಗೂ ನಡುವೆ ಪೋಸ್ಟ್‌ಕಾರ್ಡಿನ ದಪ್ಪದ ಕಾಗದದ ಸೀಳು ತೂರಿಸಿ ನೋಡಿ. ಬಳೆಗಳ ನಡುವೆ ಎಲ್ಲಾದರೂ ತಡೆದರೆ ಗಜ ಬಾಗಿದೆ. ಉಬ್ಬಿದ ಗಜವನ್ನು ಪೂರ್ತಿ ಒಣಗಿಸಿ, ನುಣುಪು ಉಪ್ಪುಕಾಗದದಿಂದ ಒಂದೆರಡು ಸಲ ಉಜ್ಜಿ, ಅಗಸೆ ಎಣ್ಣೆ ಹಚ್ಚಿ ಎರಡು ದಿನ ನೇರವಾಗಿ ನೇತುಹಾಕಿ. ಹಸಿ ಇರುವಾಗಲೇ ಉಜ್ಜಿದರೆ ಬೇಸಿಗೆಯಲ್ಲಿ ಮತ್ತೆ ಸಡಿಲ.

ಬಹಳ ಜನ ಗಜದ ಮೇಲೆ ಹೊರಿಸುವ ತಪ್ಪು ಮರಳು ಚೀಲದ್ದು. ಅರ್ಧ ಮರದ ಕೋವಿಯನ್ನು, ಅಂದರೆ ನಳಿಗೆಯ ಅರ್ಧದವರೆಗೆ ಮಾತ್ರ ಮರವಿರುವುದನ್ನು, ಚೀಲದ ಮೇಲೆ ಆನಿಸುವಾಗ ಚೀಲ ಗಜದ ಕೆಳಗೆ ಬಂದರೆ, ಕೋವಿಯ ಭಾರವೆಲ್ಲ ಗಜದ ಮೂಲಕ ನಳಿಗೆಗೆ. ಗುಂಡು ಮೇಲೆ ಹೋಗುತ್ತದೆ. ಗಜ ತೆಗೆದಾಕ್ಷಣ ಕೆಳಗೆ ಬರುತ್ತದೆ, ‘ನೋಡಿ, ಗಜವೇ ಕಾರಣ’ ಎನ್ನುತ್ತಾರೆ. ಚೀಲ ಇರಬೇಕಾದ್ದು ಮುಂಗೈ ಹಿಡಿಯುವ ಮರದ ಕೆಳಗೆ, ಟ್ರಿಗರ್ ಕಾಪಿನ ತುಸು ಮುಂದೆ. ನಳಿಗೆಯನ್ನು ಮರಕ್ಕೆ ಹಿಡಿದಿಡುವ ಬೆಣೆಯನ್ನೂ ಹಿಂದಿನ ಸ್ಕ್ರೂವನ್ನೂ ನೋಡಿಕೊಳ್ಳಿ. ಬೆಣೆ ಅಲುಗಾಡುವ ಕೋವಿಯಲ್ಲಿ ಗಜದ ಚರ್ಚೆಯೇ ವ್ಯರ್ಥ.

ನಂಬಿಕೆ ಬಾರದಿದ್ದರೆ ಪರೀಕ್ಷೆ ಮಾಡಿ. ಗಜ ಹಾಕಿ ಹತ್ತು, ಬಳಿಕ ತೆಗೆದು ಹತ್ತು ಎಂದು ಹೊಡೆಯಬೇಡಿ. ಅಷ್ಟರಲ್ಲಿ ನಳಿಗೆ ಕಾದಿರುತ್ತದೆ, ಮಸಿ ಕಟ್ಟಿರುತ್ತದೆ, ಎರಡನೆಯ ಹತ್ತಕ್ಕೆ ಅನ್ಯಾಯ. ಒಂದು ಹಾಕಿ, ಒಂದು ತೆಗೆದು, ಹೀಗೆ ಸರದಿಯಲ್ಲಿ ಇಪ್ಪತ್ತು. ಪ್ರತಿ ಗುಂಡಿನ ನಂತರ ತುಸು ಒದ್ದೆ ಬಟ್ಟೆ, ಆಮೇಲೆ ಒಣಬಟ್ಟೆ ಆಡಿಸಿ. ಗುರಿಹಲಗೆಯಲ್ಲಿ ತೂತುಗಳನ್ನು ಎರಡು ಬಣ್ಣದಲ್ಲಿ ಗುರುತು ಮಾಡಿ, ಎರಡು ಗುಂಪುಗಳ ನಡುಬಿಂದು ಹಿಡಿಯಿರಿ. ನಡುಬಿಂದುಗಳ ಅಂತರ ಒಂದು ಗುಂಪಿನ ಹರವಿನ ಮೂರನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ಅದನ್ನು ಮರೆತುಬಿಡಿ. ಹೆಚ್ಚಿದ್ದರೆ ಪಂದ್ಯದಲ್ಲಿ ಹೇಗೆ ಹೊಡೆಯುತ್ತೀರೋ ಹಾಗೆಯೇ ಸೈಟು ಕೂರಿಸಿ.

ಪ್ರಶ್ನೆ: ಮೇಜಿನ ಮೇಲೆ ಪ್ರತ್ಯೇಕ ಉದ್ದ ಗಜ ಇಟ್ಟುಕೊಂಡು, ಕೋವಿಯ ಗಜವನ್ನು ಮುಟ್ಟದೇ ಹೊಡೆಯುವುದು ಒಳ್ಳೆಯದಲ್ಲವೇ?
– ಓದುಗರು, ಪೊನ್ನಂಪೇಟೆ

ಉತ್ತರ: ಜಡಿಯಲು ಸುಲಭ. ಕೋವಿಯ ಗಜ ಸವೆಯುವುದಿಲ್ಲ, ಪ್ರತಿ ಸಲ ಅದೇ ಜಾಗದಲ್ಲಿ ಕೂತಿರುತ್ತದೆ. ಆದರೆ ಒಂದು ಅಪಾಯವಿದೆ. ಕೋವಿಯ ಗಜವನ್ನೇ ಬಳಸುವವರು ಅದನ್ನು ನಳಿಗೆಯೊಳಗೆ ಮರೆತರೆ ಕೆಳಗಿನ ಬಳೆಗಳು ಖಾಲಿ ಕಾಣುತ್ತವೆ, ಪಕ್ಕದವರಾದರೂ ಕೂಗಿ ಹೇಳುತ್ತಾರೆ. ಬೇರೆ ಗಜ ಬಳಸಿದಾಗ ಬಳೆಗಳು ಯಾವಾಗಲೂ ತುಂಬಿರುತ್ತವೆ, ಆ ಎಚ್ಚರಿಕೆ ಹೋಗುತ್ತದೆ. ಗಜ ನಳಿಗೆಯೊಳಗೆ ಇರುವಾಗ ಕೇಪಿಗೆ ಬಡಿಯುವ ಕುದುರೆ ಬಿದ್ದರೆ ಗಜ ಈಟಿಯಂತೆ ಹಾರುತ್ತದೆ, ನಳಿಗೆ ಒಡೆಯಲೂಬಹುದು. ಪ್ರತ್ಯೇಕ ಗಜಕ್ಕೆ ಕಣ್ಣೆದುರು ನಿಲ್ಲಿಸುವ ಒಂದು ಗೂಡು ಮಾಡಿ, ಹಿಡಿಗೆ ಕೆಂಪು ಬಟ್ಟೆ ಸುತ್ತಿ. ಗಜ ಗೂಡಿಗೆ ಬಂದದ್ದನ್ನು ನೋಡಿದ ಮೇಲೆಯೇ ನಿಪ್ಪಲಿಗೆ (ಕೇಪು ಕೂರುವ ತೂತಿನ ಮೊಳೆ) ಕೇಪು. ಈ ಕ್ರಮ ಎಂದೂ ತಪ್ಪಬಾರದು.

ಗಜದ ಮೇಲೆ ಎರಡು ಗೀರು ಹಾಕಿ: ಖಾಲಿ ನಳಿಗೆಯಲ್ಲಿ ತಳ ಮುಟ್ಟಿದಾಗ ಬಾಯಿಯ ಮಟ್ಟಕ್ಕೆ ಒಂದು, ನಿಮ್ಮ ಖಾಯಂ ಅಳತೆಯ ಮದ್ದು ಮತ್ತು ಗುಂಡು ಕೂತಾಗ ಇನ್ನೊಂದು. ಮೊದಲ ಗೀರು ಕೋವಿ ಖಾಲಿಯೋ ತುಂಬಿದೆಯೋ ಹೇಳುತ್ತದೆ. ಎರಡನೆಯದು ಗುಂಡು ಮದ್ದಿನ ಮೇಲೆ ಸರಿಯಾಗಿ ಕೂತಿದೆಯೋ ಹೇಳುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಅಲ್ಲಿ ಉಬ್ಬಬಹುದು, ಒಡೆಯಬಹುದು. ಜಡಿಯುವಾಗ ಗಜವನ್ನು ತುದಿಯಲ್ಲಿ ಹಿಡಿದು ಒತ್ತಬೇಡಿ, ಬಾಯಿಂದ ಒಂದು ಗೇಣು ಮೇಲೆ ಹಿಡಿದು ಸ್ವಲ್ಪ ಸ್ವಲ್ಪವೇ ಇಳಿಸಿ. ಎಳೆ ಓರೆಯಾಗಿರುವ ಮರ ಮುರಿದರೆ ಚೂಪಾದ ಸೀಳು ನೇರ ಅಂಗೈಗೆ. ಉಕ್ಕಿನ ಗಜಕ್ಕೆ ಬಾಯಿಯಲ್ಲಿ ಹಿತ್ತಾಳೆಯ ಬಿರಡೆಯಂಥ ಮಾರ್ಗದರ್ಶಿ ಬೇಕು. ಇಲ್ಲದಿದ್ದರೆ ಬಾಯಂಚು ಒಂದು ಬದಿಗೆ ಸವೆಯುತ್ತದೆ. ಹಾಗೆ ಕೆಟ್ಟ ಗುರಿಯನ್ನು ಯಾವ ಸೈಟೂ ಸರಿಮಾಡದು.

ಪ್ರಶ್ನೆ: ಒಂಟಿ ಗುಂಡಿನ ಬದಲು ಚರೆ (ಸಣ್ಣ ಸೀಸದ ಕಾಳುಗಳು) ಹಾಕಿ ಹೊಡೆಯುವಾಗ?
– ಓದುಗರು, ಸೋಮವಾರಪೇಟೆ

ಉತ್ತರ: ಗಜದಿಂದ ಏನೂ ಆಗದು. ಸಡಿಲವಾಗಿ ಜಾರದಿದ್ದರೆ ಸಾಕು. ಗುರಿಹಲಗೆಗೆ ಮಾತ್ರ ಹೊಡೆಯುತ್ತಿದ್ದೀರಿ ಎಂದುಕೊಂಡಿದ್ದೇವೆ. ಕೊಡಗಿನಲ್ಲಿ ಕೋವಿ ಇಡಲು ಸಿಗುವ ಲೈಸೆನ್ಸಿನ ವಿನಾಯಿತಿ ಬೇರೆ, ಬೇಟೆ ತಡೆಯುವ 1972ರ ವನ್ಯಜೀವಿ ಕಾಯ್ದೆ ಬೇರೆ.

ಪ್ರಶ್ನೆ: ಮಾತಿನ ಭರದಲ್ಲಿ ಮದ್ದು ಹಾಕದೆ ಗುಂಡು ಜಡಿದುಬಿಟ್ಟೆವು. ಹೊರಗೆ ತೆಗೆಯುವುದು ಹೇಗೆ? ಗುಂಡಿಗೆ ಸುತ್ತುವ ಬಟ್ಟೆಗೆ ಯಾವ ಎಣ್ಣೆ?
– ಓದುಗರು, ವಿರಾಜಪೇಟೆ

ಉತ್ತರ: ಮದ್ದು ಇಲ್ಲವೆಂದು ಖಾತ್ರಿ ಇದ್ದರೂ ಇದೆ ಎಂದುಕೊಂಡೇ ಕೋವಿಯನ್ನು ಹಿಡಿಯಿರಿ. ಕೇಪು ತೆಗೆದು, ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೆ ಮಾಡಿ. ಗಜದ ತುದಿಗೆ ಗುಂಡು ಕೀಳುವ ಸ್ಕ್ರೂ ಸಿಕ್ಕಿಸಿ, ಸೀಸಕ್ಕೆ ತಿರುಗಿಸಿ ಎಳೆಯಬಹುದು. ಗಜದ ಲೋಹದ ಮೂತಿಯನ್ನು ಅಡ್ಡ ಮೊಳೆ ಹೊಡೆದು ಕೂರಿಸಿರಬೇಕು. ಬರೀ ಅಂಟಿನ ಮೂತಿಯಾದರೆ ಗುಂಡಿನ ಜೊತೆ ಅದೂ ಒಳಗೇ ಉಳಿಯುತ್ತದೆ. ಇನ್ನೊಂದು ದಾರಿ: ನಿಪ್ಪಲ್ ಬಿಚ್ಚಿ, ಆ ತೂತಿನಲ್ಲಿ ಚಿಟಿಕೆ ಮದ್ದು ತೂರಿಸಿ, ನಿಪ್ಪಲ್ ಹಾಕಿ, ಗಜದಿಂದ ಗುಂಡು ತಳದಲ್ಲೇ ಕೂತಿದೆಯೆಂದು ನೋಡಿ, ಗಜ ಹೊರತೆಗೆದು, ಮಣ್ಣಿನ ದಿಣ್ಣೆಗೆ ಗುರಿಯಿಟ್ಟು ಹೊಡೆಯಿರಿ. ಸ್ಕ್ರೂನಲ್ಲಿ ಎಳೆದು ಗುಂಡು ಅರ್ಧ ದಾರಿಗೆ ಬಂದಿದ್ದರೆ ಮೊದಲು ಅದನ್ನು ಮತ್ತೆ ತಳಕ್ಕೆ ಒತ್ತಿ. ಮದ್ದು ಎಂದರೆ ಕರಿಮದ್ದು ಮಾತ್ರ. ತೋಟಾ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ಚಿಟಿಕೆಯೂ ಹಾಕಬಾರದು, ಕೋವಿ ಒಡೆಯುತ್ತದೆ. ಹಳೆ ಕೋವಿಗೆ ಎಷ್ಟು ಮದ್ದು ಎಂದು ಕೇಳಿ ಬರುವ ಪತ್ರಗಳಿಗೂ ಇಲ್ಲೇ ಉತ್ತರ: ನಳಿಗೆಯನ್ನು ಕಣ್ಣಾರೆ ನೋಡದೆ ಅಳತೆ ಹೇಳುವವರನ್ನು ನಂಬಬೇಡಿ. ಕೋವಿ ರಿಪೇರಿಯವರಲ್ಲಿಗೆ ಒಯ್ದು ತೋರಿಸಿ.

ಬಟ್ಟೆಗೆ ಜೇನುಮೇಣ ಕರಗಿಸಿ ಹರಳೆಣ್ಣೆ ಬೆರೆಸಿದ್ದು ಚೆನ್ನ. ಬರೀ ತೆಂಗಿನೆಣ್ಣೆ ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿನ ಚಳಿಗೆ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಒಂದು ರೀತಿ, ಮಧ್ಯಾಹ್ನ ಇನ್ನೊಂದು ರೀತಿ ಜಾರುತ್ತದೆ. ಗಾಡಿಯ ಗ್ರೀಸು ಕರಿಮದ್ದಿನ ಮಸಿಗೆ ಸೇರಿ ಡಾಂಬರಿನ ಹಾಗೆ ಅಂಟುತ್ತದೆ. ಬಟ್ಟೆ ನೂಲಿನದೇ ಆಗಿರಲಿ, ನೈಲಾನ್ ಕರಗಿ ನಳಿಗೆಗೆ ಹತ್ತುತ್ತದೆ. ಹೊಡೆದ ದಿನವೇ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿಡಿ. ಮಳೆಗಾಲದಲ್ಲಿ ಮರುದಿನ ಮತ್ತೊಂದು ಸಲ ಬಟ್ಟೆ ಆಡಿಸಿ ನೋಡಿ: ಕೆಂಪು ಬಂದರೆ ಒಣಗಿಸಿದ್ದು ಸಾಲದು. ಗಜವನ್ನೂ ಒರೆಸಿ ಒಣಗಿಸಿಯೇ ಬಳೆಗೆ ಸೇರಿಸಿ, ಒದ್ದೆ ಗಜದಿಂದ ನಳಿಗೆಯ ಕೆಳಪಟ್ಟಿ ಕಾಣದ ಕಡೆ ತುಕ್ಕು ಹಿಡಿಯುತ್ತದೆ.