ಅರವತ್ತನೇ ಪುಟದಲ್ಲಿ ನಿಂತವರಿಗೆ

'ಸ್ಟುವರ್ಟ್ ಮ್ಯಾಕ್‌ಬ್ರೈಡ್ ಬರೆದ ಕೋಲ್ಡ್ ಗ್ರಾನೈಟ್ ಅನ್ನೋ ಪತ್ತೇದಾರಿ ಕಾದಂಬರಿ ಅರವತ್ತು ಪುಟ ಓದಿದೆ. ಮಗುವಿನ ಹೆಣ ಸಿಕ್ಕ ಕಥೆಯಲ್ಲಿ ಪೊಲೀಸರು ಜೋಕ್ ಹೊಡೀತಾರೆ. ಇಂಗ್ಲಿಷೂ ವಿಚಿತ್ರ. ಕೊಲೆಗಾರ ಯಾರು ಅಂತ ಕೊನೆಯಲ್ಲಿ ನೋಡಿ ಮುಗಿಸಿಬಿಡಲಾ?' ಅಂತ ಕೇಳಿದ್ದೀರಿ.

ಬೇಡ. ನಾನು ಹಾಗೆ ಮಾಡಿ ಕೈ ಸುಟ್ಟುಕೊಂಡವನು. ಅದೂ ಆ ಕಥೆ ನಡೆಯುವ ಸ್ಕಾಟ್‌ಲೆಂಡಿನ ಅಬರ್ಡೀನ್ ಊರಿನಲ್ಲೇ ಕೂತು.

2009ರಲ್ಲಿ ಪೆಟ್ರೋಲಿಯಂ ಎಂಜಿನಿಯರಿಂಗ್ ಓದೋದಕ್ಕೆ ಅಲ್ಲಿಗೆ ಹೋಗಿದ್ದೆ. ಉತ್ತರ ಸಮುದ್ರದ ಎಣ್ಣೆ ಇರೋದರಿಂದ ನಮ್ಮ ಕಡೆಯ ಹುಡುಗರು ಅಲ್ಲಿ ಇದ್ದೇ ಇರುತ್ತಾರೆ. ಡೀ ನದಿಯ ಆಚೆ ಟೋರಿ ಅನ್ನೋ ಕಡೆ ಒಂದು ಮನೆಯ ಮೇಲಿನ ಕೋಣೆ ಸಿಕ್ಕಿತು. ಡಿಸೆಂಬರ್ ಬಂತು. ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಿದ್ದ. ಮಳೆ ಮಾತ್ರ ಮುಳುಗುತ್ತಿರಲಿಲ್ಲ. ಇಡೀ ಊರು ಬೂದು ಗ್ರಾನೈಟ್ ಕಲ್ಲಿನದು. ಆ ಕಲ್ಲಿನಲ್ಲಿ ಹೆಚ್ಚುಕಡಿಮೆ ಅರ್ಧ ರೂಬಿಸ್ಲಾ ಅನ್ನೋ ಒಂದೇ ಕ್ವಾರಿಯಿಂದ ಬಂದದ್ದಂತೆ. 1971ರಲ್ಲಿ ಮುಚ್ಚಿದಾಗ ಅದರ ಆಳ ಸುಮಾರು 142 ಮೀಟರ್. ಒಂದು ಊರು ತನ್ನ ಗುಂಡಿಯನ್ನು ತಾನೇ ತೋಡಿಕೊಂಡು ಮೇಲೆ ಎದ್ದು ನಿಂತ ಹಾಗೆ. ಮಳೆ ನಿಂತು ಬಿಸಿಲು ಬಿದ್ದರೆ ಗೋಡೆಗಳು ಮಿಣಮಿಣ ಹೊಳೆಯುತ್ತವೆ. ನಾನಿದ್ದ ಮೊದಲ ಮೂರು ತಿಂಗಳಲ್ಲಿ ಅದನ್ನು ಎರಡು ಸಲ ನೋಡಿರಬಹುದು.

ಮನೆಯ ಒಡತಿಗೆ ಅರವತ್ತೈದರ ಮೇಲೆ. ಒಂದು ಪೊಲೀಸ್ ಠಾಣೆಯ ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷ ಟೀ ಕೊಟ್ಟು ರಿಟೈರ್ ಆದವರು. ಮೊದಲ ದಿನ ಬಾಗಿಲು ತೆಗೆದವರೇ 'ಫಿಟ್ ಲೈಕ್, ಲೂನ್?' ಅಂದರು. ನಾನು ಗಟ್ಟಿಯಾಗಿ 'ಯೆಸ್, ಐ ಆಮ್ ಫಿಟ್' ಅಂದೆ. ಲೂನ್ ಅಂದರೆ ಹುಚ್ಚ ಅಂತ ಡಿಕ್ಷನರಿಯಲ್ಲಿ ನೋಡಿ ರಾತ್ರಿಯೆಲ್ಲ ಬೇಜಾರು ಮಾಡಿಕೊಂಡೆ. ಆಮೇಲೆ ಗೊತ್ತಾಯಿತು, ಅಲ್ಲಿ ಲೂನ್ ಅಂದರೆ ಹುಡುಗ, ಕ್ವೈನ್ ಅಂದರೆ ಹುಡುಗಿ, ಫಿಟ್ ಲೈಕ್ ಅಂದರೆ ಹೇಗಿದ್ದೀಯ. ವಾಟ್ ಅನ್ನೋದು ಫಿಟ್ ಆಗುತ್ತದೆ, ವೇರ್ ಅನ್ನೋದು ಫಾರ್, ಹೂ ಅನ್ನೋದು ಫಾ. ನಮ್ಮಲ್ಲಿ ಪಾಲು ಹಾಲಾಗಲಿಲ್ಲವಾ, ಪುಲಿ ಹುಲಿ ಆಗಲಿಲ್ಲವಾ, ಹಾಗೆ. ಇದಕ್ಕೆ ಡೋರಿಕ್ ಅಂತಾರೆ. ನಿಮಗೆ ವಿಚಿತ್ರ ಅನ್ನಿಸಿದ ಇಂಗ್ಲಿಷ್ ಇದರ ನೆಂಟನೇ. ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ಧಾರವಾಡದ ರೂಮ್‌ಮೇಟ್ ಸಿಕ್ಕ ಮೈಸೂರು ಹುಡುಗನ ಪಾಡು ಅಷ್ಟೇ, ಹದಿನೈದು ದಿನದಲ್ಲಿ ಸರಿಹೋಗುತ್ತದೆ.

ಆ ಅಜ್ಜಿಯೇ ಈ ಪುಸ್ತಕ ಕೊಟ್ಟರು. 2005ರಲ್ಲಿ ಬಂದ ಮೊದಲ ಪ್ರತಿಯೇ ಇರಬೇಕು, ಬೆನ್ನು ಬಿರುಕು ಬಿಟ್ಟಿತ್ತು. 'ಇದನ್ನ ಓದು, ಗುರುವಾರ ಮಾತಾಡೋಣ' ಅಂದರು. ಗುರುವಾರ ಸಂಜೆ ಅವರ ಅಡುಗೆಮನೆಯಲ್ಲಿ ಟೀ, ಬಟರಿ. ಬಟರಿ ಅಂದರೆ ಕಾಲಲ್ಲಿ ತುಳಿದ ಪಫ್ ಅಂದುಕೊಳ್ಳಿ. ಉಪ್ಪುಪ್ಪು, ಚಪ್ಪಟೆ, ಬಿಸಿ ಮಾಡಿದರೆ ಬೆರಳೆಲ್ಲ ಜಿಡ್ಡು. ಸಮುದ್ರಕ್ಕೆ ಹೋಗುವ ಮೀನುಗಾರರಿಗೆ ಕೆಡದೆ ಇರಲಿ ಅಂತ ಹುಟ್ಟಿದ ತಿಂಡಿ ಅಂತಾರೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ.

ನಾನು ತಿಪಟೂರಿನವನು. ನಮ್ಮ ಬೀದಿಯಲ್ಲಿ ಒಂದು ಬಾಡಿಗೆ ಪುಸ್ತಕದ ಅಂಗಡಿ ಇತ್ತು. ದಿನಕ್ಕೆ ಒಂದು ರೂಪಾಯಿ. ಪತ್ತೇದಾರಿ ಕಾದಂಬರಿಗಳೆಂದರೆ ಪ್ರಾಣ. ಆದರೆ ಅಲ್ಲಿ ಎರಡು ಥರದ ಪಾಪಿಗಳಿದ್ದರು. ಒಬ್ಬರು ಮೊದಲ ಪುಟದಲ್ಲೇ ಪೆನ್ಸಿಲ್ಲಿನಲ್ಲಿ 'ಕೊಂದವನು ಮ್ಯಾನೇಜರ್' ಅಂತ ಬರೆದಿಡೋರು. ಇನ್ನೊಬ್ಬರು ಕೊನೆಯ ಹಾಳೆ ಹರಿದುಕೊಂಡು ಹೋಗೋರು. ಒಂಬತ್ತನೇ ಕ್ಲಾಸಿನಲ್ಲಿ ನಾಲ್ಕು ದಿನದ ಬಾಡಿಗೆ ಕೊಟ್ಟು ಓದಿದ ಪುಸ್ತಕದಲ್ಲಿ, ಪತ್ತೇದಾರ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ 'ಕೊಲೆಗಾರ ಬೇರೆ ಯಾರೂ ಅಲ್ಲ' ಅನ್ನೋದಕ್ಕೂ ಪುಟ ಮುಗಿಯೋದಕ್ಕೂ ಸರಿಹೋಯಿತು. ಮುಂದೆ ಬರೀ ರಟ್ಟು. ಅವತ್ತು ತೀರ್ಮಾನ ಮಾಡಿದೆ, ಇನ್ನು ಮೇಲೆ ಕೊನೆಯ ಪುಟ ಮೊದಲು. ಹದಿನೈದು ವರ್ಷ ಹಾಗೇ ಓದಿದೆ. ಅದು ಬುದ್ಧಿವಂತಿಕೆ ಅಂತಲೇ ಅಂದುಕೊಂಡಿದ್ದೆ. ಕೊಲೆಗಾರ ಗೊತ್ತಿದ್ದರೆ ಸುಳಿವುಗಳನ್ನು ಮಾತ್ರ ಹೆಕ್ಕಬಹುದು, ಉಳಿದದ್ದನ್ನು ಹಾರಿಸಬಹುದು, ಟೈಮ್ ಉಳಿಯುತ್ತದೆ ಅಲ್ವಾ?

ಇಲ್ಲಿಯೂ ಅದನ್ನೇ ಮಾಡಿದೆ. ಅರವತ್ತೋ ಎಪ್ಪತ್ತೋ ಪುಟಕ್ಕೆ ಸುಸ್ತಾಗಿ, ರಾತ್ರಿ ಹನ್ನೊಂದಕ್ಕೆ ಕೊನೆಯ ಮೂವತ್ತು ಪುಟ ಓದಿದೆ. ಆಮೇಲೆ ನಡುವಿನದನ್ನು ತಿರುವಿಹಾಕಿದೆ. ಮಾತುಕತೆ ಬಂದರೆ ಹಾರಿಸಿದೆ. ಮಳೆಯ ವರ್ಣನೆ ಬಂದರೆ ಹಾರಿಸಿದೆ, ಕಿಟಕಿಯಲ್ಲೇ ಇತ್ತಲ್ಲ. ಒಂದೂವರೆ ಗಂಟೆಗೆ 'ಮುಗಿಯಿತು' ಅಂತ ಮಲಗಿದೆ.

ಗುರುವಾರ ಕೆಳಗೆ ಹೋಗಿ ಎದೆಯುಬ್ಬಿಸಿ ಹೇಳಿದೆ, ಕೊಲೆಗಾರ ಇಂಥವನು, ನನಗೆ ಮೊದಲೇ ಗೊತ್ತಿತ್ತು, ಕೊನೆಯ ಪುಟ ನೋಡಿಬಿಟ್ಟೆ ಅಂತ. ಅಜ್ಜಿ ಬಟರಿಗೆ ಬೆಣ್ಣೆ ಸವರುತ್ತಿದ್ದರು. ಚಾಕು ನಿಂತಿತು. 'ಹಾಗಾದ್ರೆ ಮುಗೀತು' ಅಂದರು. ಬೈಯಲಿಲ್ಲ. ಪುಸ್ತಕ ತೆಗೆದು ಶೆಲ್ಫಿಗೆ ಇಟ್ಟು ಹವಾಮಾನದ ಬಗ್ಗೆ ಮಾತಾಡಿದರು. ಅದೇ ಸರಣಿಯ ಎರಡನೇ ಪುಸ್ತಕ ಕೇಳಿದರೆ 'ಯಾರೋ ತಗೊಂಡು ಹೋಗಿದ್ದಾರೆ' ಅಂದರು. ಅದು ಅವರ ಬೆನ್ನ ಹಿಂದೆಯೇ ಕಾಣುತ್ತಿತ್ತು.

ಇಪ್ಪತ್ತು ವರ್ಷ ಪೊಲೀಸರ ನಡುವೆ ಇದ್ದ ಹೆಂಗಸು, ಒಂದೊಂದು ಪುಟ ಹಿಡಿದು ತನ್ನ ಕಥೆ ಹೇಳೋದಕ್ಕೆ ಕೂತಿದ್ದರು. ನಾನು ಒಂದು ಹೆಸರು ಒಪ್ಪಿಸಿ ಪರೀಕ್ಷೆ ಪಾಸಾದವನ ಹಾಗೆ ಎದ್ದೆ. ಗುರುವಾರಗಳು ನಿಂತವು. ಇನ್ನೂ ಏಳು ತಿಂಗಳು ಅದೇ ಮನೆಯಲ್ಲಿದ್ದೆ. ವಾರಕ್ಕೊಂದು ಅಂದರೂ ಎಷ್ಟು ಸಂಜೆ ಆಯಿತು, ಲೆಕ್ಕ ಹಾಕಿ.

ನಿಂತುಹೋಗುವ ಮೊದಲು ಅವರು ಹೇಳಿದ್ದ ಒಂದೇ ಒಂದು ಮಾತು ನನ್ನ ಹತ್ತಿರ ಉಳಿದಿದೆ. ಕ್ಯಾಂಟೀನಿನಲ್ಲಿ ಟೀ ಯಾವಾಗಲೂ ಜೋಡಿಯಲ್ಲೇ ಹೋಗುತ್ತಿತ್ತಂತೆ. ಅದಕ್ಕೆ ಕಾರಣ ಇದೆ. ಸ್ಕಾಟ್‌ಲೆಂಡಿನ ಕಾನೂನಿನಲ್ಲಿ ಒಂದೇ ಮೂಲದ ಸಾಕ್ಷಿ ನಂಬಿ ಅಪರಾಧ ಸಾಬೀತು ಮಾಡೋಕೆ ಆಗೋದಿಲ್ಲ, ಅದನ್ನು ಬೆಂಬಲಿಸುವ ಇನ್ನೊಂದು ಬೇಕು. ನಮ್ಮಲ್ಲಿ ಸಾಕ್ಷಿಗಳು ಇಂತಿಷ್ಟೇ ಇರಬೇಕು ಅನ್ನೋ ಕಟ್ಟಿಲ್ಲ. ಅಲ್ಲಿ ಹೇಳಿಕೆ ಪಡೆಯೋದಕ್ಕೂ ಹುಡುಕೋದಕ್ಕೂ ಇಬ್ಬಿಬ್ಬರು ಹೋಗುತ್ತಾರೆ. ಇಬ್ಬರು ಮನುಷ್ಯರನ್ನು ಸುರಿಯುವ ಮಳೆಯಲ್ಲಿ ಒಂದು ಕಾರಿನೊಳಗೆ ಎಂಟು ಗಂಟೆ ಕೂರಿಸಿ ನೋಡಿ. ಬೈಗುಳ, ಗೊಣಗಾಟ, ಕೆಟ್ಟ ಜೋಕು ಹುಟ್ಟದೆ ಇನ್ನೇನು ಹುಟ್ಟುತ್ತದೆ? ನೀವು ಹಾರಿಸುತ್ತಿರುವ ಮಾತುಕತೆ ಅದೇ. ನನ್ನ ಪ್ರಕಾರ ಕಾದಂಬರಿಯೂ ಅದೇ.

'ಹೆಣದ ಮುಂದೆ ಜೋಕ್ ಸರಿಯಾ' ಅಂತ ಕೇಳೋ ನಿಮ್ಮ ಪ್ರಶ್ನೆಯೇ ಅಡ್ಡದಾರಿ. ಸರಿಯಾಗಿ ನೋಡಿ, ಆ ಮಗುವಿನ ಮೇಲೆ ಒಂದಾದರೂ ಜೋಕ್ ಇದೆಯಾ? ನನಗೆ ಕಾಣಲಿಲ್ಲ. ಜೋಕ್ ಇರೋದು ಪೊಲೀಸರ ಮೇಲೆ, ಮೇಲಧಿಕಾರಿಗಳ ಮೇಲೆ, ಪತ್ರಿಕೆಯವರ ಮೇಲೆ, ಮಳೆಯ ಮೇಲೆ. ಕಥಾನಾಯಕ ಪೊಲೀಸ್ ಲೋಗನ್ ಮ್ಯಾಕ್‌ರೇ ಹೊಟ್ಟೆಗೆ ಚಾಕು ತಿಂದು ಒಂದು ವರ್ಷ ಮಲಗಿ ಕೆಲಸಕ್ಕೆ ವಾಪಸು ಬಂದಿದ್ದಾನೆ. ಜೊತೆಯವರು ಅವನಿಗೆ ಇಟ್ಟ ಹೆಸರು ಲಾಜರಸ್, ಬೈಬಲ್ಲಿನಲ್ಲಿ ಸತ್ತು ಎದ್ದು ಬಂದವನು. 'ನೀನು ಬದುಕಿದ್ದು ನಮಗೆ ಖುಷಿ' ಅಂತ ಹೇಳೋಕೆ ಬಾರದವರು ಹೀಗೆ ಹೇಳುತ್ತಾರೆ. ಅವನ ಬಾಸ್ ಇನ್‌ಸ್ಪೆಕ್ಟರ್ ಇಂಚ್, ಆನೆಯಂಥ ಆಳು, ಜೇಬಿನಿಂದ ಮಿಠಾಯಿ ತೆಗೆದು ತಿನ್ನುತ್ತಲೇ ಇರುತ್ತಾನೆ. ಮೊದಲು ನನಗೂ ಅಸಹ್ಯ ಆಗಿತ್ತು. ಆಮೇಲೆ ನಮ್ಮ ದೊಡ್ಡಪ್ಪ ನೆನಪಾದರು. ಹೆಡ್ ಕಾನ್‌ಸ್ಟೇಬಲ್ ಆಗಿದ್ದರು. ಕೆರೆಯಿಂದ ಹೆಣ ಎತ್ತಿ ಪಂಚನಾಮೆ ಮುಗಿಸಿ ಬಂದ ದಿನ ಹಿತ್ತಲಲ್ಲೇ ತಲೆಗೆ ಸ್ನಾನ ಮಾಡಿ, ಎರಡು ಪ್ಲೇಟ್ ಬೋಂಡಾ ತಿಂದು, ಸುಮ್ನೆ ನಮ್ಮನ್ನು ನಗಿಸುತ್ತಿದ್ದರು. ದೊಡ್ಡಮ್ಮ ಮಾತ್ರ ಅವತ್ತು ಅವರಿಗೆ ಎದುರು ಮಾತಾಡುತ್ತಿರಲಿಲ್ಲ.

ಮುಂದೆ ನಿಮಗೆ ಒಬ್ಬ ಸಿಗುತ್ತಾನೆ. ರಸ್ತೆಯಲ್ಲಿ ಗಾಡಿಗೆ ಸಿಕ್ಕು ಸತ್ತ ಪ್ರಾಣಿಗಳನ್ನು ಸಲಿಕೆಯಲ್ಲಿ ಎತ್ತೋದು ಅವನ ಕೆಲಸ. ಊರವರು ಅವನನ್ನು ಕರೆಯೋದೂ ರೋಡ್‌ಕಿಲ್ ಅಂತಲೇ. ಅವನ ಕೊಟ್ಟಿಗೆಗಳನ್ನು ಪೊಲೀಸರು ಹುಡುಕುವ ಭಾಗವನ್ನು ಊಟದ ಹೊತ್ತಿನಲ್ಲಿ ಓದಬೇಡಿ. ನಾನು ಎರಡನೇ ಸಲ, ಸರಿಯಾಗಿ ಓದಿದಾಗ, ಅಲ್ಲಿ ನಗುತ್ತ ನಗುತ್ತ ಇದ್ದಕ್ಕಿದ್ದಂತೆ ನಗು ನಿಂತಿತು. ಆ ಮನುಷ್ಯನ ಬಗ್ಗೆ ಊರು ಏನೇನು ಮಾತಾಡುತ್ತದೆ, ಅದರಲ್ಲಿ ನಾನೂ ಸೇರಿಕೊಂಡಿದ್ದೆ ಅಂತ ಗೊತ್ತಾಯಿತು. ಕೊಲೆಗಾರನ ಹೆಸರು ನೋಡಿಕೊಂಡು ಹಾರಿಸಿ ಹಾರಿಸಿ ಓದುವವನಿಗೆ ಈ ಏಟು ಬೀಳೋದೇ ಇಲ್ಲ, ಯಾಕೆಂದರೆ ಅವನು ಆ ಮಾತುಗಳ ಹತ್ತಿರ ನಿಲ್ಲೋದೇ ಇಲ್ಲ.

ಎಡಿನ್‌ಬರೋದಲ್ಲಿ ನಡೆಯುವ, ಇಯಾನ್ ರ್‍ಯಾಂಕಿನ್ ಬರೆದ ಇನ್‌ಸ್ಪೆಕ್ಟರ್ ರೀಬಸ್ ಪತ್ತೇದಾರಿ ಸರಣಿಗೆ ಹೋಗಲಾ ಅಂತಲೂ ಕೇಳಿದ್ದೀರಿ. ಅದು 1987ರಲ್ಲಿ ಶುರುವಾದದ್ದು, ಒಳ್ಳೆಯದೇ, ಆದರೆ ಅದರ ಬೇಸರ ಬೇರೆ ಥರದ್ದು. ಆಮೇಲೆ ಹೋಗಿ. ಮ್ಯಾಕ್‌ರೇ ಸರಣಿಯನ್ನು ಮಾತ್ರ ನಡುವಿನಿಂದ ಹಿಡಿಯಬೇಡಿ, ಇದಾದ ಮೇಲೆ ಡೈಯಿಂಗ್ ಲೈಟ್. ಅಲ್ಲಿ ಇನ್‌ಸ್ಪೆಕ್ಟರ್ ಸ್ಟೀಲ್ ಅನ್ನೋ ಹೆಂಗಸಿನ ಬಾಯಿಗೆ ಸರಿಯಾಗಿ ಸಿಕ್ಕಿಕೊಳ್ಳುತ್ತೀರಿ, ಜಾಸ್ತಿ ಹೇಳೋದಿಲ್ಲ.

ನಾನು ಊರು ಬಿಡುವ ದಿನ ಅಜ್ಜಿ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು. 'ಫೂಸ್ ಯೆರ್ ಡೂಸ್?' ಅಂದರು. ನಿನ್ನ ಪಾರಿವಾಳಗಳು ಹೇಗಿವೆ ಅಂತ, ಅಂದರೆ ಹೇಗಿದ್ದೀಯ ಅಂತ. ಅಷ್ಟು ಹೊತ್ತಿಗೆ ಉತ್ತರ ಕಲಿತಿದ್ದೆ. 'ಆಯ್ ಪೆಕಿನ್' ಅಂದೆ, ಕಾಳು ಹೆಕ್ಕುತ್ತಲೇ ಇವೆ ಅಂತ. ರೈಲಿನಲ್ಲಿ ಚೀಲ ತೆಗೆದರೆ ನಾಲ್ಕು ಬಟರಿ, ಜೊತೆಗೆ ಆ ಎರಡನೇ ಪುಸ್ತಕ. ಕೊನೆಯ ಮೂವತ್ತು ಪುಟಕ್ಕೆ ಮೂರೂ ಅಂಚಿನಲ್ಲಿ ಸ್ಟೇಪಲ್ ಹೊಡೆದಿದ್ದರು. ಎಣಿಸಿದೆ, ಹದಿನಾಲ್ಕು ಪಿನ್.

ಅಲ್ಲಿಯವರೆಗೂ ಒಂದೊಂದು ಸಾಲು ಓದಿದೆ. ಮೂರು ವಾರ ಹಿಡಿಯಿತು. ಆಮೇಲೆ ಒಂದು ರಾತ್ರಿ ನೇಲ್ ಕಟ್ಟರ್ ತಗೊಂಡು ಕೂತು ಪಿನ್ನುಗಳನ್ನು ಒಂದೊಂದಾಗಿ ಕಿತ್ತೆ. ಒಂದು ಬೆರಳಿಗೆ ಚುಚ್ಚಿತು. 391ನೇ ಪುಟದ ಮೂಲೆಯಲ್ಲಿ ಆ ಕಲೆ ಈಗಲೂ ಇದೆ.