ಮೂರು ಡೇಟಾ ಸೆಂಟರ್‌ಗೆ ಒಂದೇ ಬ್ಯಾಟರಿ ಸಾಕೇ?

ಪ್ರಶ್ನೆ: ಒಂದೇ ಆವರಣದಲ್ಲಿ ಮೂರು ಡೇಟಾ ಸೆಂಟರ್‌ಗಳಿವೆ, ಕೂಲಿಂಗ್ ಸೇರಿ ತಲಾ 2 ಮೆಗಾವ್ಯಾಟ್ ಲೋಡ್. ಎಲ್ಲರೂ ಸೇರಿ 4 ಮೆಗಾವ್ಯಾಟ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿದರೆ ಕರೆಂಟ್ ಹೋದಾಗ 15 ನಿಮಿಷ ಸಿಗುತ್ತದೆಯೇ? ಉಳಿದ ಹೊತ್ತಿನಲ್ಲಿ ಪೀಕ್ ಲೋಡ್ (ಬಳಕೆ ಗರಿಷ್ಠಕ್ಕೇರಿದಾಗ ಗ್ರಿಡ್‌ನಿಂದ ಎಳೆಯುವ ಲೋಡ್) ತಗ್ಗಿಸಲು ಬಳಸುವ ಯೋಚನೆಯಿದೆ.

ಉತ್ತರ: 6 ಮೆಗಾವ್ಯಾಟ್ ಲೋಡನ್ನು ಕಾಲು ಗಂಟೆ ನಡೆಸಲು 1.5 ಮೆಗಾವ್ಯಾಟ್-ಅವರ್ ಸಾಕು. ಹಾಗೆ ನೋಡಿದರೆ 4 ಧಾರಾಳ. ಆದರೆ ಒಳಗೆ ಎಷ್ಟಿದೆ ಎಂಬುದು ಬೇರೆ, ಎಷ್ಟು ಬೇಗ ಕೊಡಬಲ್ಲದು ಎಂಬುದು ಬೇರೆ. ಪೀಕ್ ತಗ್ಗಿಸಲೆಂದು ಬರುವ ಬ್ಯಾಟರಿ ಕಂಟೇನರ್‌ಗಳಲ್ಲಿ ಹೆಚ್ಚಿನವು 0.5ಸಿ ದರದವು, ಅಂದರೆ ಎರಡು ಗಂಟೆಯಲ್ಲಿ ಬರಿದಾಗುವಂಥವು. ಅಂಥ ಬ್ಯಾಟರಿಯಿಂದ ನಿಮಗೆ ಸಿಗುವುದು 2 ಮೆಗಾವ್ಯಾಟ್ ಮಾತ್ರ. ಪೀಕ್ ವಿಚಾರದಲ್ಲಿ ಹಂಚಿಕೊಳ್ಳುವುದು ಲಾಭವೇ, ಏಕೆಂದರೆ ಮೂವರ ಪೀಕ್ ಒಟ್ಟಿಗೆ ಬರುವುದು ಅಪರೂಪ. ಕರೆಂಟ್ ಮಾತ್ರ ಮೂವರಿಗೂ ಒಂದೇ ಸಲ ಹೋಗುತ್ತದೆ. ಆದ್ದರಿಂದ 1.5ಸಿ (40 ನಿಮಿಷದಲ್ಲಿ ಬರಿದಾಗುವ ದರ) ತಾಳುವ ಸೆಲ್ ಮತ್ತು 6 ಮೆಗಾವ್ಯಾಟ್ ಇನ್ವರ್ಟರ್ ಕೇಳಿ, 0.5ಸಿಯೇ ಆದರೆ 12 ಮೆಗಾವ್ಯಾಟ್-ಅವರ್ ಬೇಕು.

ಪೀಕ್‌ಗೆ ಬಳಸುವಾಗ ಮುಟ್ಟಬಾರದ ಮೀಸಲನ್ನು ಶೇಕಡಾವಾರಿನಲ್ಲಿ ಬರೆಯಬೇಡಿ. 15 ನಿಮಿಷಕ್ಕೆ ವಿದ್ಯುತ್ ನಷ್ಟ ಸೇರಿ 1.6, ಕೆಳಗಿನ ಶೇ 10 ಮುಟ್ಟದೆ ಬಿಡಲು 0.4, ಒಟ್ಟು 2 ಮೆಗಾವ್ಯಾಟ್-ಅವರ್. ಹೊಸ ಬ್ಯಾಟರಿಯಲ್ಲಿ ಇದು ಶೇ 50. ವಯಸ್ಸಾಗಿ ಸಾಮರ್ಥ್ಯ 3.2ಕ್ಕೆ ಇಳಿದಾಗ ಅದೇ ಶೇ 50 ಇಟ್ಟರೆ ಸಿಗುವುದು 12 ನಿಮಿಷವಷ್ಟೇ. ಆಗ ಶೇ 60 ಬೇಕು. ಇನ್ನೊಂದು: ಈ ಸೆಲ್‌ಗಳ ವೋಲ್ಟೇಜ್ ನಡುವೆ ಬಹುತೇಕ ಸಮತಟ್ಟಾಗಿರುವುದರಿಂದ ಚಾರ್ಜ್ ಲೆಕ್ಕ ಮೆಲ್ಲಗೆ ತಪ್ಪುತ್ತಾ ಹೋಗುತ್ತದೆ. ಆಗಾಗ ಪೂರ್ತಿ ಚಾರ್ಜ್ ಮಾಡಿ ಸರಿಪಡಿಸಿಕೊಳ್ಳಬೇಕು.

ಪ್ರಶ್ನೆ: ಹಾಗಾದರೆ ಒಳಗಿನ ಯುಪಿಎಸ್ ತೆಗೆಯಬಹುದೇ?

ಉತ್ತರ: ಖಂಡಿತ ಬೇಡ. ಕರೆಂಟ್ ಇಲ್ಲದೆ ಸರ್ವರ್‌ನ ಪವರ್ ಸಪ್ಲೈ ತಾಳುವುದು ಸುಮಾರು 20 ಮಿಲಿಸೆಕೆಂಡ್. ಗ್ರಿಡ್‌ನಿಂದ ಬಿಡಿಸುವ ಮೆಕ್ಯಾನಿಕಲ್ ಬ್ರೇಕರ್ ತೆರೆದುಕೊಳ್ಳುವಷ್ಟರಲ್ಲೇ ಅದು ಮುಗಿದಿರುತ್ತದೆ. ಹಂಚಿಕೆಯ ಬ್ಯಾಟರಿ ಹೊರೆ ಹೊರುವವರೆಗೆ ಒಳಗೆ ಕೆಲವು ನಿಮಿಷದ ಯುಪಿಎಸ್ ಇರಲೇಬೇಕು. ಹೊರಗಿನ ಇನ್ವರ್ಟರ್ ಗ್ರಿಡ್ ಇಲ್ಲದೆಯೂ ತಾನೇ ವೋಲ್ಟೇಜ್ ಕಟ್ಟುವ ಬಗೆಯದೇ ಎಂದು ಕೇಳಿಕೊಳ್ಳಿ, ಎಲ್ಲವೂ ಹಾಗಿರುವುದಿಲ್ಲ. ಶಾರ್ಟ್ ಸರ್ಕ್ಯೂಟ್ ಆದಾಗ ಇನ್ವರ್ಟರ್ ತನ್ನ ರೇಟಿಂಗ್‌ಗಿಂತ ಸ್ವಲ್ಪವೇ ಹೆಚ್ಚು ಕರೆಂಟ್ ಕೊಡುತ್ತದೆ. ಗ್ರಿಡ್‌ಗೆಂದು ಹೊಂದಿಸಿದ ಬ್ರೇಕರ್ ಆಗ ಟ್ರಿಪ್ ಆಗದೇ ಹೋಗಬಹುದು. ಬ್ರೇಕರ್ ಯಾವಾಗ ಟ್ರಿಪ್ ಆಗಬೇಕೆಂದು ತೀರ್ಮಾನಿಸುವ ರಿಲೇ ಸೆಟ್ಟಿಂಗ್‌ಗಳನ್ನು ಮತ್ತೆ ಲೆಕ್ಕ ಹಾಕಿಸಿ. ಪರೀಕ್ಷೆಯನ್ನು ಒಂದೊಂದೇ ಸೆಂಟರ್‌ಗೆ ಮಾಡಿ ಮುಗಿಸಬೇಡಿ. ಲೋಡ್ ಬ್ಯಾಂಕ್ (ಪರೀಕ್ಷೆಗೆಂದು ಕೃತಕ ಲೋಡ್ ಕೊಡುವ ಸಾಧನ) ಜೋಡಿಸಿ, ಪೂರ್ತಿ 6 ಮೆಗಾವ್ಯಾಟ್‌ನಲ್ಲಿ, ಚಾರ್ಜ್ ಮೀಸಲಿನ ಮಟ್ಟಕ್ಕೆ ಇಳಿದಿರುವಾಗಲೇ ಗ್ರಿಡ್ ಕತ್ತರಿಸಿ ನೋಡಿ.