ಬೆಂಕಿ ಅಪಾಯದ ಮಟ್ಟ ಇಳಿದ ದಿನ ಫೈರ್ ವಾಚರ್‌ಗಳನ್ನು ಮನೆಗೆ ಕಳಿಸಬಹುದಾ?

ಹುಣಸೂರು ಕಡೆಯವರು ಅಂತ ಬರೆದಿದ್ದೀರಿ. ಮಟ್ಟ 'ಮಧ್ಯಮ'ಕ್ಕೆ ಇಳಿದಾಗ, ಕಾಡಿಗೆ ಬೆಂಕಿ ಬೀಳದ ಹಾಗೆ ಕಾಯುವ ಈ ವಾಚರ್‌ಗಳಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಿದರೆ ಕೂಲಿ ಉಳಿಯುತ್ತೆ, ತಪ್ಪೇನು ಅಂತ ನಿಮ್ಮ ಪ್ರಶ್ನೆ. ನಾನೂ ಉಳಿಸಿದ್ದೆ. 7 ಜನರ ಎರಡು ದಿನದ ಕೂಲಿ.

ಮೇಲುಕೋಟೆ ಕಡೆಯ ಗುಡ್ಡಗಳಲ್ಲಿ ನಾಲ್ಕು ಬೇಸಿಗೆ ನಾನು ವಾಚರ್‌ಗಳ ಮೇಸ್ತ್ರಿ. ಒಟ್ಟು 14 ಜನ. ನಿಮ್ಮ ಕಡೆಯ ಹಾಗೆ ದಟ್ಟ ಕಾಡಲ್ಲ ಅದು. ಬಂಡೆ, ಕುರುಚಲು ಗಿಡ, ಸೊಂಟದೆತ್ತರ ಬಾದೆ ಹುಲ್ಲು. ಆ ವರ್ಷ ವೈರಮುಡಿ ಉತ್ಸವಕ್ಕೆ ಎರಡು ದಿನ ಇರುವಾಗ ಒಂದು ಹದ ಮಳೆ ಬಿತ್ತು. 'ತೀರಾ ಹೆಚ್ಚು' ಅಂತಿದ್ದ ಮಟ್ಟ ಫೋನಿನಲ್ಲಿ 'ಮಧ್ಯಮ' ಅಂತ ಬಂತು. ಹುಡುಗರು ರಜೆ ಕೇಳಿದರು. ವೈರಮುಡಿ ಅಲ್ವಾ, ಬೇಡ ಅನ್ನೋಕೆ ಬಾಯಿ ಬರಲಿಲ್ಲ. 7 ಜನರನ್ನು ಕಳಿಸಿದೆ. ನಮ್ಮಲ್ಲಿ ಹಿರಿಯ ವಾಚರ್ ಒಬ್ಬರಿದ್ದರು. "ಮಳೆ ಬಿದ್ದಿರೋದು ನೆಲಕ್ಕೆ ಕಣಪ್ಪ, ಹುಲ್ಲು ಆಗ್ಲೇ ಮರ್ತದೆ" ಅಂದರು. ನಾನು ಫೋನು ತೋರಿಸಿದೆ.

ಉತ್ಸವದ ಮರುದಿನ ಮಧ್ಯಾಹ್ನ ಎರಡೂವರೆಗೆ ಗುಡ್ಡದ ಬುಡದಲ್ಲಿ ಹೊಗೆ ಎದ್ದಿತು. ಯಾರೋ ಯಾತ್ರಿಕರು ಮೂರು ಕಲ್ಲು ಹೂಡಿ ಅಡುಗೆ ಮಾಡಿ ಹೋಗಿದ್ದರು. ಕೆಂಡ ಆರಿಸಿರಲಿಲ್ಲ. ಬೆಂಕಿ ಏರು ಕಡೆಗೆ ಹೋಗುವಾಗ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿಕೊಂಡು ಹೋಗುತ್ತೆ, ಓಡಿದರೂ ಹಿಂದೆ ಬೀಳುತ್ತೇವೆ. 7 ಜನ ಹಸಿ ಸೊಪ್ಪು ಹಿಡಿದು ಬಡಿದೆವು. ನೆತ್ತಿಯಲ್ಲಿ ಹುಲ್ಲು ತೆಗೆದು ಬೋಳು ಮಾಡಿದ್ದ ಬೆಂಕಿ ರೇಖೆ ತಲುಪುವ ತನಕ ಇಡೀ ಮಗ್ಗುಲು ಹೋಯಿತು. ಒಬ್ಬ ಹುಡುಗನ ಮುಂಗೈ ಸುಟ್ಟಿತು. ಅವನ ಆಸ್ಪತ್ರೆ ಖರ್ಚು ಉಳಿಸಿದ ಕೂಲಿಯನ್ನು ನುಂಗಿ ಹಾಕಿತು.

ತಪ್ಪು ಎಲ್ಲಿ ಅಂತ ಬಿಡಿಸಿ ಹೇಳ್ತೀನಿ, ಇದೊಂದನ್ನು ಪೂರ್ತಿ ಓದಿ. ಮಟ್ಟ ಸುಳ್ಳು ಹೇಳಿರಲಿಲ್ಲ. ಮಳೆ ಬಂದ ದಿನಕ್ಕೆ ಅದು ಸರಿಯೇ. ಮೂರು ದಿನ ಹಳೆಯ ಮಾತನ್ನು ನಾನು ಇವತ್ತಿನದು ಅಂತ ಹಿಡಿದುಕೊಂಡಿದ್ದೆ. ಇಂಥ ಮಟ್ಟ ಹೇಳೋಕೆ ಕೆನಡಾದವರ ಲೆಕ್ಕ ತುಂಬ ದೇಶಗಳಲ್ಲಿ ಬಳಕೆಯಲ್ಲಿದೆ. ಮಧ್ಯಾಹ್ನ 12ರ ಉಷ್ಣಾಂಶ, ಗಾಳಿ, ಗಾಳಿಯ ತೇವ, ಹಿಂದಿನ 24 ಗಂಟೆಯ ಮಳೆ ಇಷ್ಟನ್ನು ತಗೊಂಡು, ಸಂಜೆ 4ರ ಸುಮಾರಿಗೆ ಬೆಂಕಿ ಎಷ್ಟು ಜೋರಾಗಬಹುದು ಅಂತ ಹೇಳುತ್ತೆ. ಅದರಲ್ಲಿ ನೆಲದ ಪದರಗಳಿಗೆ ಬೇರೆ ಬೇರೆ ಲೆಕ್ಕ. ಆಳದ ಪದರ ಒಣಗೋಕೆ ವಾರಗಟ್ಟಲೆ ಬೇಕು. ಮೇಲಿನ ತರಗು ಒಂದು ದಿನದೊಳಗೇ ಬಹುಪಾಲು ಒಣಗುತ್ತೆ. ಅಮೆರಿಕದ ಪದ್ಧತಿಯಲ್ಲಿ 6 ಮಿಲಿಮೀಟರಿಗಿಂತ ಸಣ್ಣ ಕಡ್ಡಿಗೆ, ಹುಲ್ಲಿಗೆ ಒಣಗೋ ಹೊತ್ತಿನ ಮೇಲೆ 'ಒಂದು ಗಂಟೆಯ ಉರುವಲು' ಅಂತಲೇ ಹೆಸರು. ನನ್ನ ಗುಡ್ಡದಲ್ಲಿ ಇದ್ದದ್ದೇ ಅದು! ಅದೂ ನೆಲಕ್ಕೆ ಬಿದ್ದ ತರಗಲ್ಲ, ಗಾಳಿಗೆ ಬಿಸಿಲಿಗೆ ನಿಂತ ಹುಲ್ಲು. ಮಳೆಯ ಮಾರನೇ ಸಂಜೆಗೇ ಮುರಿದು ನೋಡಿದ್ದರೆ ಟಕ್ ಅಂತಿತ್ತು. ನೋಡಲಿಲ್ಲ, ಫೋನ್ ಇತ್ತಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದು. ಆ ಲೆಕ್ಕದಲ್ಲಿ ಮನುಷ್ಯ ಇಲ್ಲ. ಹೊತ್ತಿದರೆ ಎಷ್ಟು ಉರಿಯುತ್ತೆ ಅಂತ ಅದು ಹೇಳುತ್ತೆ. ಯಾರು ಹಚ್ಚುತ್ತಾರೆ ಅಂತ ಹೇಳೋದಿಲ್ಲ. ನಮ್ಮ ಕಡೆ ಕಾಡಿಗೆ ತಾನಾಗಿ ಬೆಂಕಿ ಬೀಳೋದು ತೀರಾ ಅಪರೂಪ, ಬೀಡಿಯೋ ಒಲೆಯೋ ಬೇಕಂತ ಹಚ್ಚಿದ್ದೋ, ಏನೋ ಒಂದು ಇರುತ್ತೆ. ವರ್ಷದಲ್ಲೇ ಅತಿ ಹೆಚ್ಚು ಜನ ನನ್ನ ಗುಡ್ಡದ ಸುತ್ತ ಓಡಾಡಿದ ದಿನ, ನನ್ನ ಹತ್ತಿರ ಇದ್ದವರು ಅರ್ಧ ಜನ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಮಟ್ಟ ನೋಡಿ ಜನರನ್ನು ಇಳಿಸಬೇಡಿ, ಏರಿಸೋಕೆ ಮಾತ್ರ ನೋಡಿ. ಫೆಬ್ರವರಿಯಿಂದ ಮುಂಗಾರು ಪೂರ್ವದ ಮಳೆ ಹಿಡಿಯುವವರೆಗೆ ಎಲ್ಲರೂ ಇರಲಿ. 2019ರಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಫೆಬ್ರವರಿಯಲ್ಲೇ. ಮಟ್ಟ ಕಮ್ಮಿ ಇದ್ದ ದಿನ ಕೆಲಸವೇ ಇಲ್ಲವಾ? ಬೆಂಕಿ ರೇಖೆ ಗುಡಿಸಿ, ತರಗು ಊದುವ ಬ್ಲೋವರ್ ಓಡಿಸಿ ನೋಡಿ, ನೀರಿನ ಕ್ಯಾನ್ ತುಂಬಿಸಿ. ಜಾಸ್ತಿಯಾದ ದಿನ ಜನ ಕ್ಯಾಂಪಿನಲ್ಲಿ ಕೂರೋದು ಬೇಡ, ಗುಡ್ಡದ ಬುಡದಲ್ಲೇ ನಿಲ್ಲಲಿ, ಊಟ ಅಲ್ಲಿಗೇ ಹೋಗಲಿ. ಯಾವ ಮಟ್ಟಕ್ಕೆ ಯಾರು ಎಲ್ಲಿ ಅನ್ನೋದನ್ನು ಜನವರಿಯಲ್ಲೇ ಬರೆದಿಡಿ, ಆ ಹೊತ್ತಿಗೆ ಯೋಚಿಸೋಕೆ ಆಗೋದಿಲ್ಲ. ಪಕ್ಕದಲ್ಲಿ ಜಾತ್ರೆ, ಸಂತೆಯ ದಿನಗಳ ಪಟ್ಟಿ ಇರಲಿ. ನಿಮ್ಮ ಕಡೆ ತೇಗದ ತರಗು, ಒಣಬಿದಿರು ಜಾಸ್ತಿ. ಆರಿತು ಅಂದುಕೊಂಡ ದಿಮ್ಮಿ ಮಾರನೇ ದಿನ ಮತ್ತೆ ಹೊತ್ತಬಹುದು, ಅದಕ್ಕೂ ಜನ ಬೇಕು.

ಮುಂದಿನ ವರ್ಷ ವೈರಮುಡಿಗೆ 14 ಜನರೂ ಗುಡ್ಡದ ಮೇಲೇ ಇದ್ದರು. ಊರಿಂದ ಪುಳಿಯೋಗರೆ ಹೊತ್ತುಕೊಂಡು ಹೋಗಿ ಕೊಟ್ಟೆ. ಬೈಕೊಂಡೇ ತಿಂದರು.